ಕೆಡದಂತೆ ಕಾಯುವ ಕೈಗಳು

ಜೂನ್ ತಿಂಗಳು ಕಾಲಿಟ್ಟಿತೆಂದರೆ ಕರಾವಳಿಯ ನೋಟವೇ ಬೇರೆ. ಆಕಾಶ ಕಡಲಿಗೆ ಬಾಗಿ ನಿಂತಿರುತ್ತದೆ. ಕಡಲು ಕೆಂಪುಗಟ್ಟಿ ದಡವನ್ನು ಬಡಿಯುತ್ತಿರುತ್ತದೆ. ಕುಮಟಾ ತಾಲೂಕಿನ ತದಡಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ಭಟ್ಕಳದ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಕೂಡದೆಂಬುದು ಸರ್ಕಾರದ ಕಟ್ಟಳೆ. ಮೀನು ಮೊಟ್ಟೆಯಿಡುವ ಕಾಲವದು. ಮಳೆಗಾಳಿಯ ಕಾಲವೂ ಅದೇ. ತಂಡೇಲನು ಬಲೆಯನ್ನು ಹೊಲಿಯುತ್ತ ಮನೆಯಲ್ಲಿರುತ್ತಾನೆ. ದೂರದೂರಿನ ಖಲಾಸಿಗಳು ಗಂಟುಮೂಟೆ ಕಟ್ಟಿ ಊರಿಗೆ ಹೋಗಿರುತ್ತಾರೆ. ಬಂದರಿಗೆ ಬಂದರೇ ನಿದ್ದೆಹೋದಂತೆ ಕಾಣುತ್ತದೆ.

ಆದರೆ ಕಿವಿಗೊಟ್ಟು ಕೇಳಿದವರಿಗೆ ಬಂದರು ನಿದ್ದೆಹೋಗಿಲ್ಲವೆಂಬುದು ತಿಳಿಯುತ್ತದೆ. ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನ ನಡುವೆಯೇ ಸುತ್ತಿಗೆಯ ಟಣ್ ಟಣ್ ನಾದ ಕೇಳಿಬರುತ್ತದೆ. ಅಲ್ಲಿ ಬೋಟಿನ ಹೊಟ್ಟೆಯೊಳಗೆ, ಮೊಣಕಾಲೂರಲೂ ಎಡೆಯಿಲ್ಲದ ಇಕ್ಕಟ್ಟಿನಲ್ಲಿ, ಮೈಕೈಗೆಲ್ಲ ಮಸಿಯೆಣ್ಣೆ ಬಳಿದುಕೊಂಡು ಒಬ್ಬಾತ ದುಡಿಯುತ್ತಿರುತ್ತಾನೆ. ಊರಿಗೆಲ್ಲ ಬಿಡುವಿನ ಕಾಲವಾದ ಈ 61 ದಿನಗಳು ಅವನಿಗೆ ಸುಗ್ಗಿಯ ಕಾಲ. ಅವನೇ ಫಿಟ್ಟರು, ಊರವರ ಬಾಯಲ್ಲಿ ಮೇಸ್ತ್ರಿ.

ಯಂತ್ರವನ್ನು ಕಂಡುಹಿಡಿದವನ ಹೆಸರು ಪುಸ್ತಕದಲ್ಲಿ ಬರುತ್ತದೆ. ಕೊಂಡವನ ಹೆಸರು ಬೋಟಿನ ಕಾಗದಪತ್ರದಲ್ಲಿ ಇರುತ್ತದೆ. ಅದನ್ನು ಕೆಡದಂತೆ ಕಾಯುವವನ ಹೆಸರು ಎಲ್ಲಿಯೂ ಬರುವುದಿಲ್ಲ. ಯಂತ್ರ ಓಡುತ್ತಿರುವಷ್ಟು ದಿನ ಅವನನ್ನು ಯಾರೂ ನೆನೆಯುವುದಿಲ್ಲ. ನಿಂತ ದಿನ ಮಾತ್ರ ಎಲ್ಲರೂ ಅವನನ್ನು ಹುಡುಕುತ್ತಾರೆ. ಇಂಥ ವಿಚಿತ್ರವಾದ ಕಸಬಿನ ಕಥೆ ಇದು.

ಹತ್ತಿಯ ಊರಿನ ಹಳೆಯ ಪಾಠ

ಯಂತ್ರವಿದ್ದರೆ ಸಾಲದು, ಅದನ್ನು ಕಾಯುವವನೂ ಬೇಕೆಂಬ ಪಾಠ ಈ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಹೆಸರುವಾಸಿಯಾದ ಹತ್ತಿಯ ಬಂದರಾಗಿತ್ತು. ಹುಬ್ಬಳ್ಳಿ, ಧಾರವಾಡಗಳ ಎರೆನೆಲದಲ್ಲಿ ಬೆಳೆದ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ನೆಲದ ಹೆಸರನ್ನು ಬಿಟ್ಟು, ಹಡಗೇರಿದ ಊರಿನ ಹೆಸರನ್ನೇ ಆ ಹತ್ತಿ ಹೊತ್ತಿತು. ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಪ್ರಸಿದ್ಧವಾಯಿತು.

1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜ ಧಾರವಾಡ ಸೀಮೆಗೆ ಬಂದಿತು. ಅದರ ಬೆನ್ನಿಗೇ ಬೀಜ ಬಿಡಿಸುವ ಗರಗಸದ ಜಿನ್ನುಗಳೂ ಬಂದವು. ಒಂದು ದಂಡಕ್ಕೆ ಪೋಣಿಸಿದ ದುಂಡು ಗರಗಸಗಳು ಕಬ್ಬಿಣದ ಪಟ್ಟಿಗಳ ಸಂದಿನಲ್ಲಿ ತಿರುಗುತ್ತ ಎಳೆಯನ್ನು ಸೆಳೆದುಕೊಳ್ಳುತ್ತವೆ. ಬೀಜ ಹಿಂದೆಯೇ ಉಳಿಯುತ್ತದೆ. ಕೈರಾಟೆಯಲ್ಲಿ ದಿನವೆಲ್ಲ ಕುಳಿತು ಮಾಡುವ ಕೆಲಸ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಆದರೆ ಗರಗಸದ ಹಲ್ಲು ಮೊಂಡಾದರೆ, ಸಂದು ಒಂದಿಷ್ಟು ಹೆಚ್ಚುಕಡಮೆಯಾದರೆ, ಯಂತ್ರ ಎಳೆಯನ್ನು ಬಿಡಿಸುವುದರ ಬದಲು ಹರಿದುಹಾಕುತ್ತದೆ. ರೈತನ ವರ್ಷದ ಬೆಳೆ ಪೇಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಆದುದರಿಂದಲೇ ಆ ಜಿನ್ನುಗಳನ್ನು ತಯಾರಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಸರ್ಕಾರವೇ ಧಾರವಾಡದಲ್ಲಿ ಕಾರ್ಖಾನೆಯೊಂದನ್ನು ನಡೆಸಬೇಕಾಯಿತು. ಬೀಜವನ್ನು ಹಡಗಿನಲ್ಲಿ ತರಿಸಬಹುದು, ಯಂತ್ರವನ್ನೂ ತರಿಸಬಹುದು. ಅದನ್ನು ದಿನದಿನವೂ ನೋಡಿಕೊಳ್ಳುವ ಕೈಯನ್ನು ಮಾತ್ರ ಊರಿನಲ್ಲೇ ಬೆಳೆಸಬೇಕು.

1880ರ ದಶಕದಲ್ಲಿ ಮಾರ್ಮಗೋವಾ ಬಂದರಿಗೆ ರೈಲುದಾರಿ ತೆರೆಯಿತು; ಕುಮಟೆಯ ಹತ್ತಿಯ ವೈಭವ ಇಳಿಯಿತು. ಆದರೆ ಯಂತ್ರಗಳ ಕಾಲ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಾಯಿಯ ದೋಣಿಗೆ ಡೀಸೆಲ್ ಇಂಜಿನು ಬಂದಿತು. ಅದರೊಡನೆ ಮಂಜುಗಡ್ಡೆಯ ಕಾರ್ಖಾನೆಯೂ ಬಂದಿತು. ಹೊಳೆಯ ಮೇಲ್ಗಡೆ ವಿದ್ಯುದಾಗಾರ ಎದ್ದಿತು. ಕಾಯುವ ಕೈಗಳು ಮತ್ತೆ ಬೇಕಾದವು.

ಮನೆಯಲ್ಲೊಂದು ವಾದ

ಈ ಕೈಗಳು ಎಲ್ಲಿಂದ ಬರಬೇಕು? ಮಧ್ಯಮ ವರ್ಗದ ಮನೆಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಒಂದು ವಾದವೂ ಏಳುತ್ತದೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ಸಂಜೆ, ಕುಮಟೆಯ ಯಾವುದೋ ಒಂದು ಮನೆಯ ಜಗಲಿಯಲ್ಲಿ ಈ ಮಾತು ನಡೆದಿರಬಹುದು.

“ನಾಲ್ಕಕ್ಷರ ಕಲಿತವ ಕುರ್ಚಿಯ ಮೇಲೆ ಕೂರಬೇಕು. ಕೈಗೆ ಎಣ್ಣೆ ಬಳಕೊಂಡು ಬಂದರೆ ನಾಳೆ ನೆಂಟರ ಹತ್ತಿರ ಏನಂತ ಹೇಳೋದು?” ಎನ್ನುತ್ತಾನೆ ತಂದೆ.

“ಅಪ್ಪಾ, ಕುರ್ಚಿ ಎಲ್ಲಿ ಖಾಲಿ ಉಂಟು ಅಂತ ನೀವೇ ಹೇಳಿ. ನಾನು ಐ.ಟಿ.ಐ.ಗೇ ಹೋಗ್ತೆ” ಎನ್ನುತ್ತಾನೆ ಹುಡುಗ.

ಒಳಗಿನಿಂದ ತಾಯಿಯ ದನಿ ಬರುತ್ತದೆ: “ಅವನು ಗೋಡೆಗಡಿಯಾರ ಬಿಚ್ಚಿ ಮತ್ತೆ ಕೂಡಿಸಿದ್ದು ನಿಮಗೆ ಮರೆತೇ ಹೋಯ್ತಾ? ಆ ದಿನದಿಂದ ಅದು ಒಂದು ನಿಮಿಷವೂ ತಪ್ಪಿಲ್ಲ.”

ಇಂಥ ವಾದದಲ್ಲಿ ಹುಡುಗ ಗೆಲ್ಲುವುದು ಅಪರೂಪ. ಗೆದ್ದವನ ದಾರಿ ಯಾವುದೆಂಬುದನ್ನು ಹೆತ್ತವರು ತಿಳಿದುಕೊಂಡಿದ್ದರೆ ಒಳ್ಳೆಯದು.

ಸ್ವಾತಂತ್ರ್ಯ ಬಂದ ಮೂರು ವರ್ಷಗಳಲ್ಲೇ, 1950ರಲ್ಲಿ, ಕುಶಲಕರ್ಮಿಗಳ ತರಬೇತಿಯ ಯೋಜನೆ ದೇಶದಲ್ಲಿ ಆರಂಭವಾಯಿತು. ಇಂದಿನ ಐ.ಟಿ.ಐ.ಗಳೆಲ್ಲ ಅದರ ಸಂತಾನ. 1956ರಲ್ಲಿ ಈ ಕಸಬುಗಳಿಗೆ ದೇಶಕ್ಕೆಲ್ಲ ಒಂದೇ ಅಳತೆಗೋಲು ಇರಬೇಕೆಂದು ರಾಷ್ಟ್ರೀಯ ಮಂಡಲಿಯೊಂದು ಏರ್ಪಟ್ಟಿತು. ಕಾರವಾರದಲ್ಲಿ ಪರೀಕ್ಷೆ ಮುಗಿಸಿದವನ ಪ್ರಮಾಣಪತ್ರಕ್ಕೆ ಕಲ್ಕತ್ತೆಯಲ್ಲೂ ಬೆಲೆಯುಂಟು. 1961ರ ಅಪ್ರೆಂಟಿಸ್ ಕಾಯಿದೆ, ಕಾರ್ಖಾನೆಗಳು ಹುಡುಗರನ್ನು ಸೇರಿಸಿಕೊಂಡು, ತಿಂಗಳ ಭತ್ಯ ಕೊಟ್ಟು ಕಲಿಸಬೇಕೆಂದು ವಿಧಿಸಿತು. ಕಡಲ ಇಂಜಿನಿನ ಕಡೆಗೇ ಒಲವಿದ್ದವರಿಗೆ 1963ರಲ್ಲಿ ಕೊಚ್ಚಿಯಲ್ಲಿ ತೆರೆದ ಕೇಂದ್ರ ಮೀನುಗಾರಿಕಾ ತರಬೇತಿ ಸಂಸ್ಥೆಯಿದೆ. ಮೀನುಗಾರಿಕೆಯ ಹಡಗುಗಳಿಗೆ ಬೇಕಾದ ಮರೈನ್ ಫಿಟ್ಟರುಗಳನ್ನು ಅದು ತಯಾರು ಮಾಡುತ್ತ ಬಂದಿದೆ. 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐ.ಟಿ.ಐ.ಗಳಿಗೆ ಗಣಕದಿಂದ ನಡೆಯುವ ಹೊಸ ಯಂತ್ರಗಳು ಬಂದವು. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದೇ ಇದೆ. ಒಳಗೆ ಕಾಲಿಡುವವರು ಮಾತ್ರ ಇನ್ನೂ ಕಡಮೆ.

ಅರ ಹಿಡಿದ ಮೊದಲ ದಿನಗಳು

ಫಿಟ್ಟರ್ ತರಬೇತಿ ಎರಡು ವರ್ಷದ್ದು. ದೊಡ್ಡ ದೊಡ್ಡ ಇಂಜಿನುಗಳನ್ನು ಬಿಚ್ಚುವ ಕನಸು ಹೊತ್ತು ಬಂದ ಹುಡುಗನ ಕೈಗೆ ಮೊದಲು ಸಿಕ್ಕುವುದು ಒಂದು ಅರ, ಒಂದು ಕಬ್ಬಿಣದ ತುಂಡು. ಅದನ್ನು ವೈಸಿನಲ್ಲಿ ಬಿಗಿದು ಉಜ್ಜಬೇಕು. ಉಜ್ಜಿ ಉಜ್ಜಿ ಮಟ್ಟಮಾಡಬೇಕು. ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಇಣುಕಕೂಡದು. ಮೊದಲ ವಾರ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಎರಡನೆಯ ವಾರ ಅದು ಒಡೆಯುತ್ತದೆ. ತಿಂಗಳು ಕಳೆಯುವುದರೊಳಗೆ ಅಂಗೈ ಗಟ್ಟಿಯಾಗುತ್ತದೆ. ಯಂತ್ರದಿಂದ ನಿಮಿಷದಲ್ಲಿ ಆಗುವ ಕೆಲಸವನ್ನು ಕೈಯಿಂದ ಏಕೆ ಮಾಡಿಸುತ್ತಾರೆಂದು ಹುಡುಗ ಮನಸ್ಸಿನಲ್ಲೇ ಬಯ್ಯುತ್ತಾನೆ.

ಕಾರಣ ಅವನಿಗೆ ತಿಳಿಯುವುದು ತಡವಾಗಿ. ಅರದ ಕೆಲಸ ಕಬ್ಬಿಣವನ್ನು ಮಟ್ಟ ಮಾಡುವುದಕ್ಕಿಂತ ಹೆಚ್ಚಾಗಿ ಕೈಯನ್ನು ಮಟ್ಟ ಮಾಡುತ್ತದೆ. ಎಷ್ಟು ಒತ್ತಿದರೆ ಎಷ್ಟು ಸವೆಯುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬೇಕು. ಆಮೇಲೆ ಬರುತ್ತವೆ ಅಳತೆಯ ಉಪಕರಣಗಳು. ವರ್ನಿಯರ್ ಕ್ಯಾಲಿಪರು ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಭಾಗವನ್ನು ತೋರಿಸುತ್ತದೆ. ಮೈಕ್ರೊಮೀಟರು ನೂರರಲ್ಲೊಂದು ಭಾಗವನ್ನು. ಮನುಷ್ಯನ ತಲೆಗೂದಲಿನ ದಪ್ಪವೇ ಅಂಥ ಐದರಿಂದ ಹತ್ತು ಭಾಗಗಳೆಂದರೆ ಅಳತೆಯ ಸೂಕ್ಷ್ಮ ಎಷ್ಟೆಂಬುದನ್ನು ವಾಚಕರು ಊಹಿಸಬಹುದು. ‘ಸುಮಾರಾಗಿ ಸರಿಯಿದೆ’ ಎಂಬ ಮಾತು ಈ ಶಾಲೆಯಲ್ಲಿ ನಡೆಯುವುದಿಲ್ಲ.

ಪ್ರಮಾಣಪತ್ರ ಕೈಗೆ ಬಂದಲ್ಲಿಗೆ ಅರ್ಧ ಕಲಿತಂತಾಯಿತು. ಉಳಿದರ್ಧ ಮೇಸ್ತ್ರಿಯ ಕೊಟ್ಟಿಗೆಯಲ್ಲಿ. ಹೊಸಬನು ಬಂದೊಡನೆ ಸ್ಪ್ಯಾನರಿಗೆ ಕೈಚಾಚುತ್ತಾನೆ. ಹಳೆಯ ಮೇಸ್ತ್ರಿ ತಡೆಯುತ್ತಾನೆ.

“ತಮ್ಮಾ, ಮೊದಲು ಸುಮ್ಮನೆ ನಿಂತು ಕೇಳು. ಎಲ್ಲಿ ನೋಯ್ತದೆ ಅಂತ ಇಂಜಿನೇ ಹೇಳ್ತದೆ.”

“ಮೇಸ್ತ್ರಿಯವರೆ, ನನಗೆ ಎಲ್ಲ ಸದ್ದೂ ಒಂದೇ ನಮೂನೆ ಕೇಳ್ತದಲ್ಲ?”

“ಮೂರು ಮಳೆಗಾಲ ಕಳೀಲಿ. ಆವಾಗ ಬೇರೆ ಬೇರೆ ಕೇಳ್ತದೆ.”

ಮಾತು ವಿನೋದದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಗೂಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವ ಮೇಸ್ತ್ರಿಯನ್ನು ಕಂಡವರು ವೈದ್ಯನ ನೆನಪು ಮಾಡಿಕೊಳ್ಳದೆ ಇರಲಾರರು. ಹೊಗೆಯೂ ಅವನೊಡನೆ ಮಾತಾಡುತ್ತದೆ. ಹೊಗೆ ಕಪ್ಪಾಗಿದ್ದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ. ಗಾಳಿ ಸಾಲದು, ಇಲ್ಲವೆ ಎಣ್ಣೆ ಹೆಚ್ಚು. ನೀಲಿಯಾಗಿದ್ದರೆ ಕೀಲೆಣ್ಣೆಯೇ ಉರಿಯುತ್ತಿದೆ. ಪಿಸ್ಟನ್ನಿನ ಬಳೆಗಳು ಸವೆದಿರಬೇಕು. ಇಂಜಿನು ಬಿಸಿಯಾದ ಮೇಲೂ ಹೊಗೆ ಬೆಳ್ಳಗೇ ಇದ್ದರೆ, ಎಣ್ಣೆ ಉರಿಯದೆ ಹೊರಬೀಳುತ್ತಿದೆ, ಇಲ್ಲವೆ ನೀರು ಒಳಗೆ ಇಳಿಯುತ್ತಿದೆ. ಒಂದು ಬೋಲ್ಟನ್ನೂ ಬಿಚ್ಚದೆ ಅರ್ಧ ರೋಗವನ್ನು ತಿಳಿಯುವ ವಿದ್ಯೆ ಇದು.

ಅಳಿವೆಯ ಹತ್ತು ನಿಮಿಷ

ಮಳೆಗಾಲದ ಕೆಲಸದ ವಿವರವನ್ನು ಒಂದಿಷ್ಟು ನೋಡಬೇಕು. ಇಂಜಿನಿನ ತಲೆ ಕಳಚಿ ವಾಲ್ವುಗಳನ್ನು ಅರೆದು ಕೂರಿಸುವುದು. ಸಿಲಿಂಡರಿನ ಒಳಮೈ ಎಷ್ಟು ಸವೆದಿದೆಯೆಂದು ಅಳೆಯುವುದು. ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುವ ಇಂಜೆಕ್ಟರುಗಳನ್ನು ಒತ್ತಡ ಕೊಟ್ಟು ಪರೀಕ್ಷಿಸುವುದು. ಪಂಖದ ದಂಡ ಬೋಟಿನಿಂದ ಹೊರಬೀಳುವಲ್ಲಿ ನೀರು ಒಳಬಾರದಂತೆ ಹೊಸ ಪ್ಯಾಕಿಂಗು ತುರುಕುವುದು. ಉಪ್ಪುನೀರು ಹಡಗಿನ ಲೋಹವನ್ನು ತಿನ್ನದಂತೆ ಸತುವಿನ ಗಟ್ಟಿಗಳನ್ನು ಕಟ್ಟುವುದು. ಈ ಸತುವಿನ ಉಪಾಯ ಸೊಗಸಾದದ್ದು. ಸಮುದ್ರದ ನೀರು ಮೊದಲು ಸತುವನ್ನೇ ತಿನ್ನುತ್ತದೆ. ಅದು ತೀರುವವರೆಗೆ ಉಳಿದ ಲೋಹ ಬಚಾವು. ತಾನು ಸವೆದು ಮನೆಯನ್ನು ಉಳಿಸುವ ಹಿರಿಯನಂತೆ ಅದರ ಬಾಳು.

ಎಲ್ಲಕ್ಕಿಂತ ನಾಜೂಕಾದುದು ಇಂಜಿನಿಗೂ ಪಂಖದ ದಂಡಕ್ಕೂ ನೇರ ಕೂಡಿಸುವ ಕೆಲಸ. ಎರಡೂ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ಬಿಸಿಯೇರುತ್ತದೆ, ಬೋಟೆಲ್ಲ ನಡುಗುತ್ತದೆ. ದಡದ ಮೇಲೆ ಎಷ್ಟೇ ನೇರ ಮಾಡಿದರೂ ಮೇಸ್ತ್ರಿ ಅದನ್ನು ನಂಬುವುದಿಲ್ಲ. ನೀರಿಗಿಳಿದ ಮೇಲೆ ಮರದ ಬೋಟು ತನ್ನ ಭಾರಕ್ಕೆ ತಾನೇ ಒಂದಿಷ್ಟು ಬಾಗುತ್ತದೆ. ಆಗ ಮತ್ತೊಮ್ಮೆ ಫೀಲರ್ ಗೇಜಿನ ತೆಳ್ಳನೆಯ ಎಲೆಗಳನ್ನು ತೂರಿಸಿ ಅಳೆಯಲೇಬೇಕು. ಒಣನೆಲದ ಮೇಲಿನ ಸತ್ಯ ನೀರಿನ ಮೇಲೆ ಸತ್ಯವಾಗಿಯೇ ಇರಬೇಕೆಂದಿಲ್ಲ!

ಇಷ್ಟೆಲ್ಲ ಏತಕ್ಕೆ? ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುವ ಅಳಿವೆಯನ್ನು ನೋಡಿದವರಿಗೆ ಈ ಪ್ರಶ್ನೆ ಹುಟ್ಟದು. ಹೊಳೆ ತಂದ ಹೂಳು, ಕಡಲು ತಳ್ಳಿದ ಮರಳು ಎರಡೂ ಸೇರಿ ಅಲ್ಲಿ ದಿಬ್ಬಗಳಾಗುತ್ತವೆ. ಅದರ ಮೇಲೆ ಅಲೆ ಮುರಿಯುತ್ತದೆ. ಬೋಟು ಒಳಬರುವಾಗಲೂ ಹೊರಹೋಗುವಾಗಲೂ ಆ ಕಿರಿದಾದ ದಾರಿಯಲ್ಲಿ ಅಲೆಗೆ ಮೂತಿಯನ್ನೋ ಬೆನ್ನನ್ನೋ ಸರಿಯಾಗಿ ಕೊಟ್ಟು ಸಾಗಬೇಕು. ಅಡ್ಡ ತಿರುಗಿತೋ, ಕೆಟ್ಟಿತು. ಆ ಹತ್ತು ನಿಮಿಷ ಇಂಜಿನು ನಿಲ್ಲಕೂಡದು.

ಇನ್ನು ಒಂದು ಚಿಕ್ಕ ರಬ್ಬರಿನ ಚಕ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇಂಜಿನನ್ನು ತಂಪಾಗಿಡಲು ಕಡಲ ನೀರನ್ನು ಸೆಳೆಯುವ ಪಂಪಿನೊಳಗೆ ಅದು ಕುಳಿತಿರುತ್ತದೆ. ಅಂಗೈಯಲ್ಲಿ ಅಡಗಿಸಬಹುದಾದ ವಸ್ತು. ಅದರ ಎಲೆಯೊಂದು ಬಿರಿದಿರುವುದನ್ನು ಮಳೆಗಾಲದಲ್ಲಿ ಯಾರೂ ನೋಡಲಿಲ್ಲವೆನ್ನಿ. ಒಂದು ದಿನ ಎಲೆ ಕಿತ್ತುಬರುತ್ತದೆ, ನೀರು ಕಡಮೆಯಾಗುತ್ತದೆ, ಇಂಜಿನು ಕಾಯುತ್ತದೆ, ತಲೆಯ ಕೆಳಗಿನ ಗ್ಯಾಸ್ಕೆಟ್ಟು ಸುಡುತ್ತದೆ, ಉಬ್ಬಿದ ಪಿಸ್ಟನ್ನು ಸಿಲಿಂಡರನ್ನು ಕಚ್ಚಿ ನಿಲ್ಲುತ್ತದೆ. ನಡುಗಡಲಲ್ಲಿ ಇದಾದರೆ ಬೇರೊಂದು ಬೋಟು ಬಂದು ಎಳೆದೊಯ್ಯುವವರೆಗೆ ತೇಲುತ್ತಿರಬೇಕು. ಅಳಿವೆಯ ಬಾಯಲ್ಲಾದರೆ ತೇಲುವುದಕ್ಕೂ ಸಮಯವಿಲ್ಲ. ಬೋಟಿನಲ್ಲಿರುವ ಖಲಾಸಿಗಳ ಮನೆಗಳಲ್ಲಿ ಆ ಹೊತ್ತಿಗೆ ಒಲೆಯ ಮೇಲೆ ಅನ್ನ ಕುದಿಯುತ್ತಿರುತ್ತದೆ. ಆ ಅನ್ನಕ್ಕೂ ಈ ರಬ್ಬರಿನ ಚಕ್ರಕ್ಕೂ ಇರುವ ನಂಟನ್ನು ಬಲ್ಲವನೇ ನಿಜವಾದ ಫಿಟ್ಟರು.

ಮಂಜುಗಡ್ಡೆಯ ಮನೆ

ಬೋಟು ಮೀನು ತಂದರೆ ಸಾಲದು. ಮೀನು ಕೆಡದೆ ಪೇಟೆ ಸೇರಬೇಕು. ಅದಕ್ಕಾಗಿ ಬಂದರುಗಳ ಸುತ್ತ ಐಸ್ ಕಾರ್ಖಾನೆಗಳಿವೆ. ಬಿಸಿಲಿನ ನಾಡಿನಲ್ಲಿ ನೀರು ಕಲ್ಲಾಗುವ ಈ ಚಮತ್ಕಾರ ನಡೆಯುವುದು ಅಮೋನಿಯ ಎಂಬ ಅನಿಲದಿಂದ. ಕಂಪ್ರೆಸರು ಅದನ್ನು ಹಿಂಡುತ್ತದೆ. ಹಿಂಡಿದಾಗ ಬಿಸಿಯಾದ ಅನಿಲ ತಣ್ಣೀರಿನ ಕೊಳವೆಗಳಲ್ಲಿ ಶಾಖ ಕಳೆದುಕೊಂಡು ದ್ರವವಾಗುತ್ತದೆ. ಮತ್ತೆ ಅದಕ್ಕೆ ಹರಡಿಕೊಳ್ಳಲು ಎಡೆಕೊಟ್ಟಾಗ ಕುದಿದು ಆವಿಯಾಗುತ್ತ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಸಾಮಾನ್ಯ ಒತ್ತಡದಲ್ಲಿ ಅಮೋನಿಯ ಕುದಿಯುವುದು ಸೊನ್ನೆಗಿಂತ 33 ಡಿಗ್ರಿ ಸೆಂಟಿಗ್ರೇಡ್ ಕೆಳಗೆ! ಅದು ಹಾಯುವ ಕೊಳವೆಗಳು ತೊಟ್ಟಿಯ ಉಪ್ಪುನೀರನ್ನು ತಂಪುಗೊಳಿಸುತ್ತವೆ. ಉಪ್ಪುನೀರು ಸೊನ್ನೆಯ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಅದರಲ್ಲಿ ಮುಳುಗಿಸಿಟ್ಟ ಡಬ್ಬಿಗಳ ಸಿಹಿನೀರು ಗಡ್ಡೆಯಾಗುತ್ತದೆ.

ಇಲ್ಲಿ ಫಿಟ್ಟರನ ಜವಾಬ್ದಾರಿ ಇನ್ನೂ ದೊಡ್ಡದು. ಅಮೋನಿಯ ಸೋರಿದರೆ ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ. ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಸೋರಿಕೆ ಎಲ್ಲಿದೆಯೆಂದು ಕಂಡುಹಿಡಿಯಲು ಗಂಧಕದ ಬತ್ತಿ ಹೊತ್ತಿಸಿ ಕೊಳವೆಯ ಜೋಡಣೆಗಳ ಬಳಿ ಹಿಡಿಯುವ ಹಳೆಯ ಉಪಾಯವುಂಟು. ಅಮೋನಿಯ ತಾಗಿದಲ್ಲಿ ದಟ್ಟವಾದ ಬಿಳಿಯ ಹೊಗೆ ಏಳುತ್ತದೆ. ಅಮೋನಿಯ ತಾಮ್ರವನ್ನು ತಿನ್ನುತ್ತದೆ. ಆದುದರಿಂದ ಅದರ ದಾರಿಯಲ್ಲಿ ತಾಮ್ರದ್ದಾಗಲಿ ಹಿತ್ತಾಳೆಯದಾಗಲಿ ಬಿಡಿಭಾಗವನ್ನು ಹಾಕಕೂಡದು. ಬೋಟಿನಲ್ಲಿ ಒಳ್ಳೆಯದೆನಿಸಿದ ಹಿತ್ತಾಳೆಯ ವಾಲ್ವು ಇಲ್ಲಿ ಶತ್ರು. ಕೈಯಲ್ಲಿ ಇದ್ದುದನ್ನು ಹಾಕಿ ಕೆಲಸ ಸಾಗಿಸುವವನಿಗೂ ಕಲಿತ ಫಿಟ್ಟರನಿಗೂ ವ್ಯತ್ಯಾಸ ಇಂಥಲ್ಲಿ ಗೊತ್ತಾಗುತ್ತದೆ.

ಇನ್ನೊಂದು ನಿಯಮವಿದೆ. ತಿರುಗುವ ಯಂತ್ರಕ್ಕೆ ಕೈಹಾಕುವ ಮೊದಲು ವಿದ್ಯುತ್ತನ್ನು ಆರಿಸಿ, ಫ್ಯೂಸು ಕಿತ್ತು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳಬೇಕು. ಫಲಕ ತೂಗುಹಾಕಿದರೆ ಓದಲು ಮರೆಯುವವರಿದ್ದಾರೆ. ಕಿಸೆಯೊಳಗಿನ ಫ್ಯೂಸನ್ನು ಯಾರೂ ಮರೆತು ಹಾಕಲಾರರು. ಈ ಒಂದು ಅಭ್ಯಾಸವನ್ನು ಬಿಟ್ಟು ಬೆರಳು ಕಳೆದುಕೊಂಡವರು ಈ ಕಸಬಿನಲ್ಲಿ ಇಲ್ಲದಿಲ್ಲ.

ಕೆಟ್ಟ ಮೇಲೋ, ಕೆಡುವ ಮೊದಲೋ?

ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಗೇರುಸೊಪ್ಪೆ ಸಿಗುತ್ತದೆ. ಕಾಳುಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿಯ ಊರು. 1948ರಲ್ಲಿ ಜೋಗದಲ್ಲಿ ವಿದ್ಯುತ್ತನ್ನು ಕೊಡಲಾರಂಭಿಸಿದ ಹೊಳೆ ಈಗ ಗೇರುಸೊಪ್ಪೆಯಲ್ಲೂ ದುಡಿಯುತ್ತಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿ 60 ಮೆಗಾವಾಟಿನ ನಾಲ್ಕು ಯಂತ್ರಗಳು, ಒಟ್ಟು 240 ಮೆಗಾವಾಟಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಮೇಲಿನ ವಿದ್ಯುದಾಗಾರದಲ್ಲಿ ಒಮ್ಮೆ ದುಡಿದುಬಂದ ನೀರನ್ನೇ ಹಿಡಿದು ಮತ್ತೊಮ್ಮೆ ದುಡಿಸಿಕೊಳ್ಳುವ ಏರ್ಪಾಡು ಅದು.

ಬಂದರಿನ ಕೊಟ್ಟಿಗೆಗೂ ವಿದ್ಯುದಾಗಾರಕ್ಕೂ ಇರುವ ಅಂತರ ಅಗಾಧವಾದುದು. ಆದರೂ ಎರಡರ ಧರ್ಮ ಒಂದೇ. ವಿದ್ಯುದಾಗಾರಗಳಲ್ಲಿ ಯಂತ್ರ ಕೆಡಲೆಂದು ಯಾರೂ ಕಾಯುವುದಿಲ್ಲ. ಬೇರಿಂಗಿನ ಬಿಸಿ, ಎಣ್ಣೆಯ ಒತ್ತಡ, ದಂಡದ ನಡುಕ, ಎಲ್ಲವನ್ನೂ ಹೊತ್ತುಹೊತ್ತಿಗೆ ಬರೆದಿಡುತ್ತಾರೆ. ಸರದಿಯಂತೆ ಒಂದೊಂದೇ ಯಂತ್ರವನ್ನು ನಿಲ್ಲಿಸಿ ಬಿಚ್ಚಿ ನೋಡುತ್ತಾರೆ. ನಿನ್ನೆಗಿಂತ ಇಂದು ಬೇರಿಂಗು ಎರಡು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಅದೊಂದು ಪಿಸುಮಾತು. ಕೇಳಿಸಿಕೊಂಡರೆ ಒಂದು ದಿನದ ಕೆಲಸ. ಕೇಳದಿದ್ದರೆ ಒಂದು ತಿಂಗಳ ಕತ್ತಲೆ.

ಈ ಪಿಸುಮಾತಿಗೆ ಕಿವಿಮುಚ್ಚಿಕೊಂಡರೆ ಏನಾಗುವುದೆಂಬುದಕ್ಕೆ ಭೋಪಾಲ ಸಾಕ್ಷಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದಾಗ, ವಿಷದ್ರವವನ್ನು ತಂಪಾಗಿಡಬೇಕಾಗಿದ್ದ ಶೈತ್ಯಯಂತ್ರ ತಿಂಗಳುಗಳಿಂದ ನಿಂತಿತ್ತು. ಹೊರಬಿದ್ದ ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆಯ ಒಂದು ಭಾಗವನ್ನು ದುರಸ್ತಿಗೆಂದು ಕಳಚಿಡಲಾಗಿತ್ತು. ಖರ್ಚು ಉಳಿಸುವುದಕ್ಕಾಗಿ ಕೆಲಸಗಾರರ ಸಂಖ್ಯೆಯನ್ನೂ ತಗ್ಗಿಸಲಾಗಿತ್ತು. ಉಳಿಸಿದ ಹಣ ಎಷ್ಟೋ. ತೆತ್ತ ಪ್ರಾಣಗಳು ಸಾವಿರಾರು. ಯಂತ್ರದ ಆರೈಕೆಯನ್ನು ಅನಗತ್ಯವಾದ ಖರ್ಚೆಂದು ಬಗೆಯುವ ಮಾಲೀಕರು ಕಾರ್ಖಾನೆಯಲ್ಲಿರಲಿ, ಬಂದರಿನಲ್ಲಿರಲಿ, ಈ ರಾತ್ರಿಯನ್ನು ಮರೆಯಕೂಡದು.

ದುರಸ್ತಿಯವನ ಬುದ್ಧಿ

ರಿಪೇರಿಯ ಕೆಲಸಕ್ಕೆ ಬುದ್ಧಿ ಬೇಡ, ರಟ್ಟೆ ಸಾಕೆಂದು ತಿಳಿದವರಿಗೆ ಇತಿಹಾಸವೇ ಉತ್ತರ ಹೇಳಿದೆ. ಜೇಮ್ಸ್ ವಾಟ್ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ದುರಸ್ತಿ ಮಾಡುವ ಕುಶಲಕರ್ಮಿಯಾಗಿದ್ದ. 1763-64ರ ಚಳಿಗಾಲದಲ್ಲಿ ನ್ಯೂಕಾಮನ್ನನ ಉಗಿಯಂತ್ರದ ಒಂದು ಚಿಕ್ಕ ಮಾದರಿ ದುರಸ್ತಿಗೆಂದು ಅವನ ಕೈಗೆ ಬಂದಿತು. ಸರಿಮಾಡಿ ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಇದು ಇಷ್ಟೊಂದು ಉಗಿಯನ್ನು ಏಕೆ ನುಂಗುತ್ತದೆಂಬ ಪ್ರಶ್ನೆ ಅವನನ್ನು ಕಾಡಿತು. ಪ್ರತಿಸಲವೂ ಸಿಲಿಂಡರನ್ನು ಕಾಯಿಸಿ ಮತ್ತೆ ತಣಿಸುವುದರಿಂದಲೇ ಈ ನಷ್ಟವೆಂದು ಕಂಡ ಅವನು, 1765ರಲ್ಲಿ ಉಗಿಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸುವ ಉಪಾಯವನ್ನು ಕಂಡುಕೊಂಡ. ಯಂತ್ರಯುಗದ ಹೆಬ್ಬಾಗಿಲು ತೆರೆದದ್ದು ಒಂದು ದುರಸ್ತಿಯ ಮೇಜಿನ ಮೇಲೆ!

ರೈಲಿನ ಪಿತಾಮಹನೆನಿಸಿದ ಜಾರ್ಜ್ ಸ್ಟೀಫನ್‌ಸನ್ನನಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಓದುಬರಹ ಬರುತ್ತಿರಲಿಲ್ಲ. ಗಣಿಯ ಯಂತ್ರವನ್ನು ಬಿಡುವಿನಲ್ಲಿ ಬಿಚ್ಚಿ ಒರಸಿ ಕೂಡಿಸುತ್ತ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ. 1811ರಲ್ಲಿ ಕಿಲಿಂಗ್‌ವರ್ತಿನ ಗಣಿಯೊಂದರಲ್ಲಿ ನೀರೆತ್ತಲಾರದೆ ಸೋತಿದ್ದ ಯಂತ್ರವನ್ನು ಕೆಲವೇ ದಿನಗಳಲ್ಲಿ ಸರಿಪಡಿಸಿ ತೋರಿಸಿದ. ಮರುವರ್ಷ ಗಣಿಯ ಯಂತ್ರಗಳೆಲ್ಲ ಅವನ ವಶಕ್ಕೆ ಬಂದವು. ಕೈ ಕಲಿತದ್ದನ್ನು ತಲೆ ಮರೆಯಲಿಲ್ಲ, ಅಷ್ಟೇ ಗುಟ್ಟು.

ಸುಖವೂ ದುಃಖವೂ

ಈ ಕಸಬಿನ ಕಷ್ಟವನ್ನು ಮುಚ್ಚಿಡುವುದು ನ್ಯಾಯವಲ್ಲ. ಬಂದರಿನ ಫಿಟ್ಟರನಿಗೆ ತಿಂಗಳ ಸಂಬಳದ ಭರವಸೆಯಿಲ್ಲ. ಮಳೆಗಾಲದಲ್ಲಿ ಮಾಡಿದ ಕೆಲಸದ ಬಾಕಿ, ಬೋಟಿಗೆ ಒಳ್ಳೆಯ ಮೀನು ಬಿದ್ದ ಮೇಲೆ ಬಂದರೆ ಬಂತು. ನಡುರಾತ್ರಿ ಕರೆ ಬಂದರೆ ಏಳಬೇಕು. ವರ್ಷಗಟ್ಟಲೆ ಇಂಜಿನಿನ ಮಗ್ಗುಲಲ್ಲಿ ನಿಂತು, ಯಂತ್ರದ ಪಿಸುಮಾತನ್ನು ಕೇಳಬಲ್ಲ ಅದೇ ಕಿವಿ ಮುಪ್ಪಿನಲ್ಲಿ ಮೊಮ್ಮಗುವಿನ ಮಾತನ್ನು ಕೇಳಲಾರದೆ ಹೋಗುವುದೂ ಉಂಟು. ಕಿವಿಗೆ ರಕ್ಷೆ ಹಾಕಿಕೊಳ್ಳುವ ಅಭ್ಯಾಸ ಚಿಕ್ಕ ಕೊಟ್ಟಿಗೆಗಳಿಗೆ ಇನ್ನೂ ಬರಬೇಕಾಗಿದೆ.

ಆದರೂ ಈ ವಿದ್ಯೆ ಕೈಬಿಡುವಂಥದಲ್ಲ. ಕಲಿತವನಿಗೆ ಬಂದರು, ಐಸ್ ಕಾರ್ಖಾನೆ, ಅಕ್ಕಿಗಿರಣಿ, ವಿದ್ಯುದಾಗಾರ ಎಲ್ಲವೂ ಒಂದೇ ಭಾಷೆಯಲ್ಲಿ ಮಾತನಾಡುತ್ತವೆ. 1998ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾದ ಕೊಂಕಣ ರೈಲುದಾರಿ ಕುಮಟಾ, ಹೊನ್ನಾವರ, ಭಟ್ಕಳ ಮೂರನ್ನೂ ದೇಶದ ಕಾರ್ಖಾನೆಗಳ ನಗರಗಳಿಗೆ ಜೋಡಿಸಿದೆ. ಭಟ್ಕಳದ ಮನೆಗಳಿಗಂತೂ ಕೊಲ್ಲಿ ರಾಷ್ಟ್ರಗಳ ನಂಟು ಹಳೆಯದು. ಅಲ್ಲಿ ಯಂತ್ರ ಬಲ್ಲವನಿಗೆ ಬೆಲೆಯುಂಟು. ಇಂದು ಯಂತ್ರದ ನಡುಕವನ್ನು ಅಳೆದು ತೋರಿಸುವ ಉಪಕರಣಗಳು ಬಂದಿವೆ, ಗಣಕ ಬಂದಿದೆ. ಅವು ಎಲ್ಲಿ ನೋವಿದೆಯೆಂದು ಹೇಳಬಲ್ಲವು; ಬೋಟಿನ ಹೊಟ್ಟೆಯೊಳಕ್ಕೆ ತೂರಿ ಆ ನೋವನ್ನು ವಾಸಿಮಾಡಲು ಮನುಷ್ಯನ ಕೈಯೇ ಬೇಕು. ಜಗಲಿಯ ಮೇಲೆ ಕುಳಿತು ನೆಂಟರಿಗೆ ಏನು ಹೇಳಲೆಂದು ಚಿಂತಿಸಿದ ತಂದೆ, ‘ಮಗ ಫಿಟ್ಟರು’ ಎಂದು ಧಾರಾಳವಾಗಿ ಹೇಳಬಹುದು.

ಆಗಸ್ಟ್ ಒಂದನೆಯ ತಾರೀಖು. ನಸುಕಿನಲ್ಲಿ ಬೋಟುಗಳಿಗೆ ಹೂಮಾಲೆ, ತೆಂಗಿನಕಾಯಿ, ಊದುಬತ್ತಿ. ಒಂದೊಂದಾಗಿ ಇಂಜಿನುಗಳು ಎಚ್ಚರಗೊಳ್ಳುತ್ತವೆ. ತಂಡೇಲನ ಕಣ್ಣು ಅಳಿವೆಯ ಮೇಲೆ. ಹೆಂಗಸರ ಕಣ್ಣು ಬೋಟಿನ ಮೇಲೆ. ಗುಂಪಿನಿಂದ ಬದಿಗೆ ಸರಿದು, ದಕ್ಕೆಯ ಕಂಬಕ್ಕೆ ಒರಗಿ ಮೇಸ್ತ್ರಿ ನಿಂತಿದ್ದಾನೆ. ಅವನು ನೋಡುತ್ತಿಲ್ಲ, ಕೇಳುತ್ತಿದ್ದಾನೆ. ಪಕ್ಕದಲ್ಲಿ ನಿಂತ ಹುಡುಗನಿಗೆ ಇದು ಮೂರನೆಯ ಮಳೆಗಾಲ.

“ಮೇಸ್ತ್ರಿಯವರೆ, ಆ ಹಸಿರು ಬೋಟಿನದ್ದು ಒಂದು ಟ್ಯಾಪೆಟ್ ಸಡಿಲ ಉಂಟು ಅಲ್ದಾ?”

ಮೇಸ್ತ್ರಿ ಮಾತಾಡದೆ ಅವನ ಕಡೆಗೊಮ್ಮೆ ನೋಡುತ್ತಾನೆ. ಆಮೇಲೆ ಬೋಟನ್ನು ದಡಕ್ಕೆ ಕರೆಯಲು ಕೈಯೆತ್ತುತ್ತಾನೆ. ಕಾಲು ಗಂಟೆಯ ಕೆಲಸ; ಬೋಟು ಮತ್ತೆ ಹೊರಡುತ್ತದೆ, ಅಳಿವೆ ದಾಟುತ್ತದೆ. ಸಂಜೆಯ ಹೊತ್ತಿಗೆ ಈ ಸಂಗತಿ ಎಲ್ಲರಿಗೂ ಮರೆತುಹೋಗಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ಹೊನ್ನಾವರದ ಅಳಿವೆಯ ಸುದ್ದಿ ಯಾವುದೂ ಇರುವುದಿಲ್ಲ. ಫಿಟ್ಟರು ದುಡಿದದ್ದು ಆ ಇಲ್ಲದ ಸುದ್ದಿಗಾಗಿಯೇ.